ಮಗ್ಗದ ಓಣಿಯಿಂದ ವಿಶ್ವವಿದ್ಯಾಲಯಕ್ಕೆ: ಬೆಳಗಾವಿ, ಖಾನಾಪುರ

ಶಹಾಪುರ, ವಡಗಾವಿಯ ಮಗ್ಗ, ಉದ್ಯಮಬಾಗದ ಫೌಂಡ್ರಿ, ಖಾನಾಪುರದ ಕುಂಬಾರಿಕೆ: ದುಡಿಯುವ ಮನೆಗಳ ಹುಡುಗರು ಕಸುಬು ಕಲಿತದ್ದು ಇಲ್ಲೇ. ಸಂಜೆಗೆ ತಾಲೀಮಿನ ಕುಸ್ತಿ, ಹಬ್ಬಕ್ಕೆ ಗಣೇಶೋತ್ಸವ ಮಂಡಳಿ.

ಪದವಿ ದೂರದ ಮಾತಾಗಿತ್ತು.

1916ರಲ್ಲಿ ಏಳು ಜನ ಬೆಳಗಾವಿಯಲ್ಲಿ ಕೆಎಲ್‌ಇ ಶಿಕ್ಷಣ ಸಂಸ್ಥೆ ಕಟ್ಟಿದರು. 1933ರಲ್ಲಿ ಅದರ ಲಿಂಗರಾಜ ಕಾಲೇಜು ಬಂತು. ಆಗ ಪದವಿ ಕೊಡುತ್ತಿದ್ದದ್ದು ಮುಂಬಯಿ ವಿಶ್ವವಿದ್ಯಾಲಯ. 1949ರಲ್ಲಿ ಕರ್ನಾಟಕ ವಿಶ್ವವಿದ್ಯಾಲಯ ಸ್ಥಾಪನೆಯಾಗಿ, ಧಾರವಾಡ ಉನ್ನತ ಶಿಕ್ಷಣದ ಕೇಂದ್ರವಾಯಿತು. ಬೆಳಗಾವಿಗೆ 1998ರಲ್ಲಿ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ, 2010ರಲ್ಲಿ ರಾಣಿ ಚನ್ನಮ್ಮ ವಿಶ್ವವಿದ್ಯಾಲಯ ದಕ್ಕಿದವು. ಸ್ನಾತಕೋತ್ತರ ಓದು ಮನೆಗೆ ಹತ್ತಿರವಾಯಿತು.

2023ರ ಜೂನ್ 11ರಂದು ಆರಂಭವಾದ, ಮಹಿಳೆಯರಿಗೆ ಉಚಿತ ಬಸ್ ಪ್ರಯಾಣದ ಶಕ್ತಿ ಯೋಜನೆ ವಿದ್ಯಾರ್ಥಿನಿಯರ ಬಸ್ ಖರ್ಚನ್ನೂ ಉಳಿಸಿತು. ಖಾನಾಪುರದ ಕಾಡಂಚಿನ ಹಳ್ಳಿಗಳಿಗೆ ಮಾತ್ರ ಮಳೆಗಾಲದಲ್ಲೂ ಕೆಡದ ರಸ್ತೆ ತುರ್ತಾಗಿ ಬೇಕಿದೆ.