ಅನ್ಯ ವ್ಯವಸ್ಥೆಯಲ್ಲಿ ಸಂಗೀತ ತಂತ್ರಾಂಶ

ಆಳಂದ, ಅಫಜಲಪುರ, ಜೇವರ್ಗಿ ಸೀಮೆಗಳಲ್ಲಿ ಭಜನೆಯ ಮೇಳವಿಲ್ಲದ ಊರು ವಿರಳ. ಹಿಂದೆ ಜೇವರ್ಗಿ ತಾಲ್ಲೂಕಿಗೆ ಸೇರಿದ್ದ ಕಡಕೋಳದ ಮಡಿವಾಳಪ್ಪನವರ ತತ್ತ್ವಪದಗಳು ಏಕತಾರಿ, ದಮ್ಮಡಿಗಳೊಡನೆ ಈಗಲೂ ಆ ಕಡೆ ಕೇಳಿಬರುತ್ತವೆ. ಹಾಡುವ ಹಿರಿಯರು ಇರುವಾಗಲೇ ಅವನ್ನು ಧ್ವನಿಮುದ್ರಿಸಿಕೊಳ್ಳಬೇಕೆಂಬ ಆಸೆ ಹಲವು ವಿದ್ಯಾರ್ಥಿಗಳಿಗುಂಟು. ಅದಕ್ಕೆ ದೊಡ್ಡ ಸ್ಟುಡಿಯೋ ಬೇಕಿಲ್ಲ. ಮೈಕ್ರೊಫೋನು, ಲ್ಯಾಪ್‌ಟಾಪು, ಸಂಗೀತ ತಯಾರಿಕೆಯ ಒಂದು ತಂತ್ರಾಂಶ, ಇಷ್ಟಿದ್ದರೆ ಸಾಕು.

ತೊಡಕು ಬೇರೆಡೆ ಇದೆ. ವಿಂಡೋಸ್ ೧೦ಕ್ಕೆ ತಯಾರಕರ ಸಾಮಾನ್ಯ ಬೆಂಬಲ ೨೦೨೫ರ ಅಕ್ಟೋಬರ್ ೧೪ರಂದು ಮುಗಿಯಿತು. ವಿಂಡೋಸ್ ೧೧ ಕೇಳುವ ಭದ್ರತಾ ಬಿಲ್ಲೆಯಾಗಲಿ, ಹೊಸ ಪೀಳಿಗೆಯ ಸಂಸ್ಕಾರಕವಾಗಲಿ ಹಳೆಯ ಯಂತ್ರಗಳಲ್ಲಿ ಇರುವುದಿಲ್ಲ. ಆದಕಾರಣ ಕೆಲವರು ಅವುಗಳಿಗೆ ಲಿನಕ್ಸ್ ಎಂಬ ಮುಕ್ತ ಕಾರ್ಯಾಚರಣ ವ್ಯವಸ್ಥೆಯನ್ನು ಹಾಕುತ್ತಾರೆ. ಆದರೆ ಕೈಗೆ ಒಗ್ಗಿದ ಸಂಗೀತ ತಂತ್ರಾಂಶ, ಎಫ್‌ಎಲ್ ಸ್ಟುಡಿಯೋದಂಥದು, ವಿಂಡೋಸ್ ಮತ್ತು ಮ್ಯಾಕ್‌ಗಳಿಗಾಗಿ ರಚಿತವಾದುದು. ಅದನ್ನು ಲಿನಕ್ಸಿನಲ್ಲಿ ನಡೆಸುವುದು ಸಾಧ್ಯವೆ? ಸಾಧ್ಯವಾದರೆ ಹೇಗೆ?

ತಂತ್ರಾಂಶವೊಂದರಲ್ಲಿ ಎರಡು ಬಗೆಯ ಮಾತುಗಳಿವೆ ಎಂದು ಭಾವಿಸೋಣ. ಕೂಡು, ಗುಣಿಸು, ಹೋಲಿಸು ಎಂಬಂತಹ ಆಜ್ಞೆಗಳು ನೇರವಾಗಿ ಸಂಸ್ಕಾರಕಕ್ಕೆ ಹೋಗುತ್ತವೆ. ವ್ಯವಸ್ಥೆ ಬದಲಾದರೂ ಸಂಸ್ಕಾರಕ ಅದೇ ಆದ್ದರಿಂದ ಇವುಗಳಿಗೆ ಭಾಷಾಂತರವೇ ಬೇಡ. ಕಡತ ತೆರೆ, ಕಿಟಕಿ ಬಿಡಿಸು, ಧ್ವನಿ ಹೊರಡಿಸು ಎಂಬ ಕೋರಿಕೆಗಳಾದರೋ ಕಾರ್ಯಾಚರಣ ವ್ಯವಸ್ಥೆಗೆ ಸಲ್ಲುವಂಥವು. ವಿಂಡೋಸಿನಲ್ಲಿ ಇವುಗಳ ಹೆಸರು ಒಂದು, ಲಿನಕ್ಸಿನಲ್ಲಿ ಇನ್ನೊಂದು. ಸೊಲ್ಲಾಪುರದ ಕಡೆಯಿಂದ ಮರಾಠಿ ಮಾತ್ರ ಬಲ್ಲ ವ್ಯಾಪಾರಿಯೊಬ್ಬ ಆಳಂದದ ಪೇಟೆಗೆ ಬಂದನೆನ್ನಿ. (ಅಂಥವನು ಎಲ್ಲಿದ್ದಾನೆ, ಆ ಕಡೆಯವರೆಲ್ಲ ಕನ್ನಡ ಬಲ್ಲರಲ್ಲ ಎಂದು ಆಳಂದದ ವಾಚಕರು ನಗಬಹುದು.) ಅವನ ಹಣವನ್ನು ಬದಲಿಸಬೇಕಿಲ್ಲ, ತೂಕದ ಬಟ್ಟನ್ನು ಬದಲಿಸಬೇಕಿಲ್ಲ, ಮಾತನ್ನು ದಾಟಿಸುವ ಒಬ್ಬ ದಲ್ಲಾಳಿ ಇದ್ದರೆ ವ್ಯಾಪಾರ ನಡೆಯುತ್ತದೆ.

ಆ ದಲ್ಲಾಳಿಯೇ ವೈನ್ ಎಂಬ ತಂತ್ರಾಂಶ. ೧೯೯೩ರಲ್ಲಿ ಆರಂಭವಾದ ಈ ಕೆಲಸ ೧.೦ ಎಂಬ ಆವೃತ್ತಿಯನ್ನು ಮುಟ್ಟಿದುದು ೨೦೦೮ರಲ್ಲಿ. ನಡುವಣ ಹದಿನೈದು ವರ್ಷ ವಿಂಡೋಸಿನ ಸಾವಿರಾರು ಕೋರಿಕೆಗಳಿಗೆ ಒಂದೊಂದಾಗಿ ಸಮಾನವಾದವನ್ನು ಬರೆಯುವುದರಲ್ಲಿ ಕಳೆಯಿತು. ಅದು ಯಂತ್ರವನ್ನೇ ಅನುಕರಿಸುವುದಿಲ್ಲವಾದ್ದರಿಂದ ವೇಗದಲ್ಲಿ ಆಗುವ ನಷ್ಟ ಸಾಮಾನ್ಯವಾಗಿ ಅಲ್ಪ. ಮೊಬೈಲು ಫೋನುಗಳಲ್ಲಿರುವ ಆರ್ಮ್ ಜಾತಿಯ ಸಂಸ್ಕಾರಕಗಳಲ್ಲಿ ಹೀಗಲ್ಲ; ಅಲ್ಲಿ ಮೊದಲ ಬಗೆಯ ಆಜ್ಞೆಗಳನ್ನೂ ಭಾಷಾಂತರಿಸಬೇಕಾಗುತ್ತದೆ.

ಪತ್ರ ಬರೆಯುವ ತಂತ್ರಾಂಶಕ್ಕೆ ಇಷ್ಟು ಸಾಕು. ಸಂಗೀತಕ್ಕೆ ಸಾಲದು, ಏಕೆಂದರೆ ಇಲ್ಲಿ ಕಾಲದ ಪ್ರಶ್ನೆ ಬರುತ್ತದೆ. ಗಣಕವು ಧ್ವನಿಯನ್ನು ಸೆಕೆಂಡಿಗೆ ೪೮,೦೦೦ ಮಾದರಿಗಳಾಗಿ ಅಳೆಯುತ್ತದೆಂದು ಇಟ್ಟುಕೊಳ್ಳೋಣ. ಅವನ್ನು ಒಂದೊಂದಾಗಿ ಸಾಗಿಸದೆ, ೨೫೬ ಅಥವಾ ೧,೦೨೪ ಮಾದರಿಗಳ ಕಟ್ಟುಗಳಾಗಿ ಮಾಡಿ ಸಾಗಿಸುತ್ತದೆ. ಕಟ್ಟು ತುಂಬುವವರೆಗೆ ಕಾಯಲೇಬೇಕು. ೧,೦೨೪ನ್ನು ೪೮,೦೦೦ದಿಂದ ಭಾಗಿಸಿದರೆ ಸುಮಾರು ೨೧.೩ ಮಿಲಿಸೆಕೆಂಡು, ಒಳಬರುವಾಗ ಒಮ್ಮೆ, ಹೊರಹೋಗುವಾಗ ಒಮ್ಮೆ, ಒಟ್ಟು ೪೨.೭ ಮಿಲಿಸೆಕೆಂಡು.

ಇದು ಹೆಚ್ಚೋ ಕಡಮೆಯೋ? ಅಫಜಲಪುರದ ಬೇಸಗೆಯಲ್ಲಿ ಗಾಳಿಯ ಉಷ್ಣತೆ ೪೦ ಡಿಗ್ರಿ ಸೆಲ್ಸಿಯಸ್ ಇರುವಾಗ ಶಬ್ದದ ವೇಗ ಸೆಕೆಂಡಿಗೆ ಸುಮಾರು ೩೫೫ ಮೀಟರು. ೪೨.೭ ಮಿಲಿಸೆಕೆಂಡಿನಲ್ಲಿ ಶಬ್ದ ೧೫ ಮೀಟರು ಸಾಗುತ್ತದೆ. ಅಂದರೆ ಕಿವಿಗೆ ಇಯರ್‌ಫೋನು ಹಚ್ಚಿಕೊಂಡು ಹಾಡುವವನಿಗೆ ತನ್ನ ಏಕತಾರಿಯೇ ೧೫ ಮೀಟರಿನಾಚೆ ನುಡಿದಂತೆ ಕೇಳುತ್ತದೆ. ಮೇಳದವರು ಒತ್ತಾಗಿ ಕುಳಿತು ಹಾಡುವುದು ಭಕ್ತಿಯಿಂದ ಮಾತ್ರವಲ್ಲ, ತಾಳಕ್ಕೂ ಅದು ಅಗತ್ಯ. ೨೫೬ ಮಾದರಿಗಳ ಕಟ್ಟಾದರೆ ಒಟ್ಟು ವಿಳಂಬ ೧೦.೭ ಮಿಲಿಸೆಕೆಂಡು, ದೂರ ೩.೮ ಮೀಟರು, ಇದನ್ನು ಸಹಿಸಬಹುದು. ಪರಿವರ್ತಕಗಳ ಅಲ್ಪ ವಿಳಂಬ ಇದರ ಮೇಲೆ ಸೇರುತ್ತದೆ.

ಹಾಗಾದರೆ ಕಟ್ಟನ್ನು ಇನ್ನೂ ಚಿಕ್ಕದು ಮಾಡಬಾರದೇಕೆ? ಚಿಕ್ಕದಾದಷ್ಟೂ ಸಂಸ್ಕಾರಕವು ಹೆಚ್ಚು ಸಲ, ತಪ್ಪದೆ, ಗಡುವಿನೊಳಗೆ ಬಂದು ಕಟ್ಟನ್ನು ತುಂಬಿಸಿ ಕಳುಹಿಸಬೇಕು. ಒಂದು ಗಡುವು ತಪ್ಪಿದರೂ ಧ್ವನಿಯಲ್ಲಿ ಚಟ್ ಎಂಬ ಸದ್ದು ಕೇಳುತ್ತದೆ. ಸಾಮಾನ್ಯ ವ್ಯವಸ್ಥೆಯು ಎಲ್ಲ ಕೆಲಸಗಳಿಗೂ ಸಮನಾಗಿ ಕಾಲವನ್ನು ಹಂಚಲು ನೋಡುತ್ತದೆ; ಸಂಗೀತಕ್ಕೆ ಬೇಕಾದುದು ಸಮತೆಯಲ್ಲ, ಆದ್ಯತೆ. ಗಡುವನ್ನು ಖಚಿತವಾಗಿ ಪಾಲಿಸುವಂತೆ ಲಿನಕ್ಸಿನ ತಿರುಳನ್ನು ತಿದ್ದುವ ಕೆಲಸ ಸುಮಾರು ಎರಡು ದಶಕ ಹೊರಗೇ ನಡೆದು, ೨೦೨೪ರಲ್ಲಿ ೬.೧೨ನೆಯ ಆವೃತ್ತಿಯೊಡನೆ ಮೂಲದೊಳಕ್ಕೆ ಸೇರಿತು.

ದಲ್ಲಾಳಿ ಎಡವುವುದೂ ಇಲ್ಲಿಯೇ. ವಿಂಡೋಸಿನ ಸಂಗೀತ ತಂತ್ರಾಂಶಗಳು ಶೀಘ್ರ ಧ್ವನಿಗಾಗಿ ಸ್ಟೈನ್‌ಬರ್ಗ್ ಸಂಸ್ಥೆ ೧೯೯೭ರಲ್ಲಿ ರೂಪಿಸಿದ ಏಸಿಯೋ ಎಂಬ ದಾರಿಯನ್ನು ಹಿಡಿಯುತ್ತವೆ. ಧ್ವನಿಪೆಟ್ಟಿಗೆಯ ವಿಂಡೋಸ್ ಚಾಲಕ ತಂತ್ರಾಂಶ ವೈನಿನಲ್ಲಿ ಕೆಲಸ ಮಾಡದು. ಆದ್ದರಿಂದ ವೈನ್‌ಏಸಿಯೋ ಎಂಬ ಇನ್ನೊಂದು ಸೇತುವೆಯಿಂದ ಕೋರಿಕೆಯನ್ನು ಲಿನಕ್ಸಿನ ಜ್ಯಾಕ್ ಎಂಬ ಧ್ವನಿವಾಹಕಕ್ಕೆ ಒಪ್ಪಿಸಬೇಕು. ಹೊಸ ಲಿನಕ್ಸ್‌ಗಳಲ್ಲಿ ಜ್ಯಾಕಿನ ಪಾತ್ರವನ್ನು ಪೈಪ್‌ವೈರ್ ವಹಿಸುತ್ತದೆ.

ನಮ್ಮ ಅಭಿಪ್ರಾಯದಲ್ಲಿ ಇದಕ್ಕಿಂತ ಜಾಣತನದ ಮಾರ್ಗ ಬೇರೆಯಿದೆ. ಮುದ್ರಣದ ಮುಖ್ಯ ಕೆಲಸವನ್ನು ಲಿನಕ್ಸಿಗೇ ಹುಟ್ಟಿದ ಆರ್ಡರ್‌ನಂತಹ ತಂತ್ರಾಂಶದಲ್ಲಿ ನಡೆಸಿ, ಬಿಡಲಾಗದ ಒಂದೆರಡು ವಿಂಡೋಸ್ ವಾದ್ಯಗಳನ್ನು ಮಾತ್ರ ಯಾಬ್ರಿಜ್ ಎಂಬ ಸೇತುವೆಯಿಂದ ಜೋಡಿಸಿಕೊಳ್ಳುವುದು. ಆಗ ಗಡುವಿನ ಹೊಣೆ ಬಹುಮಟ್ಟಿಗೆ ಸ್ವಂತ ವ್ಯವಸ್ಥೆಯ ಕೈಯಲ್ಲೇ ಉಳಿಯುತ್ತದೆ. ನಕಲನ್ನು ತಡೆಯಲು ಯು.ಎಸ್.ಬಿ. ಬೀಗ ಕೇಳುವ ವಾದ್ಯಗಳು ಮಾತ್ರ ಸಾಮಾನ್ಯವಾಗಿ ಈ ದಾರಿಗೂ ಒಗ್ಗುವುದಿಲ್ಲ. ಅಂತರಜಾಲಕ್ಕೆ ಎಂದೂ ಸೇರಿಸದ ಯಂತ್ರವಾದರೆ ಹಳೆಯ ವಿಂಡೋಸನ್ನೇ ಇಟ್ಟುಕೊಂಡು ಮುದ್ರಿಸಿದರೂ ದೊಡ್ಡ ಹಾನಿಯಿಲ್ಲ.

ಯಾವ ದಾರಿ ಹಿಡಿದರೂ ಒಂದು ಕೆಲಸವನ್ನು ವ್ಯವಸ್ಥೆ ಬದಲಿಸುವ ಮೊದಲೇ ಮುಗಿಸಬೇಕು. ತಂತ್ರಾಂಶದ ಸ್ವಂತ ಕಡತವನ್ನು ಸಾಮಾನ್ಯವಾಗಿ ಆ ತಂತ್ರಾಂಶವೇ ತೆರೆಯಬೇಕು. ವೇವ್ ಕಡತವನ್ನಾದರೋ ಬಹುತೇಕ ಯಾವ ಧ್ವನಿ ತಂತ್ರಾಂಶವಾದರೂ ತೆರೆಯಬಲ್ಲದು. ಪ್ರತಿಯೊಂದು ಧ್ವನಿಯನ್ನೂ ಬೇರೆಬೇರೆಯಾಗಿ, ಒಂದೇ ಆರಂಭಬಿಂದುವಿನಿಂದ, ವೇವ್ ರೂಪದಲ್ಲಿ ಹೊರತೆಗೆದಿಡಬೇಕು. ೪೮,೦೦೦ ಮಾದರಿ, ಮಾದರಿಗೆ ಮೂರು ಬೈಟು, ಅರವತ್ತು ಸೆಕೆಂಡು: ನಿಮಿಷಕ್ಕೆ ೮.೬೪ ಮೆಗಾಬೈಟು. ಹತ್ತು ನಿಮಿಷದ ಒಂದು ಪದಕ್ಕೆ ಹಾಡುಗಾರ, ಏಕತಾರಿ, ದಮ್ಮಡಿ, ತಾಳ, ಹಿಮ್ಮೇಳ ಎಂದು ಐದು ಧ್ವನಿಗಳಿದ್ದರೆ ೪೩೨ ಮೆಗಾಬೈಟು. ಮೂವತ್ತೆರಡು ಗಿಗಾಬೈಟಿನ ಒಂದು ಪೆನ್‌ಡ್ರೈವಿನಲ್ಲಿ ಇಂತಹ ಎಪ್ಪತ್ತು ಪದಗಳು ಹಿಡಿಸುತ್ತವೆ.