ಜ್ವರ ಬಿಟ್ಟರೂ ಗುಳಿಗೆ ಬಿಡಬಾರದು

ದರೋಜಿ ಅಂದರೆ ನಮಗೆ ಏನು ನೆನಪಾಗುತ್ತದೆ? ದೊಡ್ಡ ಕೆರೆ. 1994ರಲ್ಲಿ ಆದ ಕರಡಿಧಾಮ. ಬುರ್ರಕಥೆಯ ಈರಮ್ಮ. ಈರಮ್ಮನವರು ಓದು ಬರಹ ಕಲಿತವರಲ್ಲ. ಆದರೂ ಗಂಟೆಗಟ್ಟಲೆ ಕಥೆ ಹಾಡುತ್ತಿದ್ದರು. ಹಂಪಿಯ ಕನ್ನಡ ವಿಶ್ವವಿದ್ಯಾಲಯ ಅವರಿಗೆ ನಾಡೋಜ ಪದವಿ ಕೊಟ್ಟಿತು. 2014ರಲ್ಲಿ ತೀರಿಕೊಂಡರು. ಅವರ ಗಂಟಲೇ ಅವರ ಆಸ್ತಿ.

ನಮಗೂ ಗಂಟಲು ಬೇಕು. ಗಂಟಲು ಕೆಟ್ಟರೆ ಮಾತಾಡೋಕೆ ಆಗಲ್ಲ. ಗುಟುಕು ನೀರೂ ಇಳಿಯಲ್ಲ. ಈ ಪಾಠದಲ್ಲಿ ಗಂಟಲು ಬೇನೆಯ ವಿಷಯ ತಿಳಿಯೋಣ.

ಎಲ್ಲ ಗಂಟಲು ನೋವೂ ಒಂದೇ ಅಲ್ಲ

ನೆಗಡಿ, ಕೆಮ್ಮಿನ ಜೊತೆ ಬರುವ ಗಂಟಲು ನೋವು ಸಾಮಾನ್ಯವಾಗಿ ವೈರಸ್‌ನಿಂದ ಬರುತ್ತದೆ. ಕೆಲವು ದಿನದಲ್ಲಿ ತಾನೇ ಹೋಗುತ್ತದೆ. ಅದಕ್ಕೆ ಆಂಟಿಬಯೋಟಿಕ್ ಗುಳಿಗೆ ಬೇಡ.

ಇನ್ನೊಂದು ಬಗೆ ಇದೆ. ಅದು ಸ್ಟ್ರೆಪ್ಟೊಕಾಕಸ್ ಎಂಬ ರೋಗಾಣುವಿನಿಂದ ಬರುತ್ತದೆ. ಈ ರೋಗಾಣುಗಳು ಕಣ್ಣಿಗೆ ಕಾಣಲ್ಲ. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಮಣಿಸರದ ಹಾಗೆ ಸಾಲಾಗಿ ಕಾಣುತ್ತವೆ. 5ರಿಂದ 15 ವರ್ಷದ ಮಕ್ಕಳಿಗೆ ಇದು ಹೆಚ್ಚು. ದೊಡ್ಡವರಿಗೂ ಬರಬಹುದು. ಇದರ ಗುರುತುಗಳು ಇವು:

• ಇದ್ದಕ್ಕಿದ್ದಂತೆ ಗಂಟಲು ನೋವು, ಜ್ವರ.
• ನುಂಗುವಾಗ ಬಹಳ ನೋವು.
• ಗಂಟಲು ಕೆಂಪು. ಒಳಗೆ ಬಿಳಿ ಚುಕ್ಕೆ ಅಥವಾ ಕೀವು.
• ಕತ್ತಿನ ಮುಂದೆ ಗಂಟು, ಮುಟ್ಟಿದರೆ ನೋವು.
• ಕೆಮ್ಮು, ನೆಗಡಿ ಸಾಮಾನ್ಯವಾಗಿ ಇರಲ್ಲ.

ಇವು ಕಂಡರೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗೋಣ. ಅಂಗಡಿಯಲ್ಲಿ ಕೇಳಿ ಗುಳಿಗೆ ತರುವುದು ಬೇಡ. ಯಾವ ಬೇನೆ ಅಂತ ವೈದ್ಯರೇ ನೋಡಿ ಹೇಳಬೇಕು.

ಮೂರನೇ ದಿನದ ಮಾತು

ವೈದ್ಯರು ಪೆನ್ಸಿಲಿನ್ ಅಥವಾ ಅಮಾಕ್ಸಿಸಿಲಿನ್ ಬರೆದರೆ ಸಾಮಾನ್ಯವಾಗಿ 10 ದಿನ ತಗೊಳ್ಳಬೇಕು. ಬೇರೆ ಔಷಧಿಯಾದರೆ ದಿನ ಬೇರೆ. ಕೆಲವರಿಗೆ ಒಂದೇ ಇಂಜೆಕ್ಷನ್ ಕೊಡುತ್ತಾರೆ. ಎರಡು ಮೂರು ದಿನಕ್ಕೆ ಜ್ವರ ಇಳಿಯುತ್ತದೆ. ಮಗು ಆಡೋಕೆ ಓಡುತ್ತದೆ. ಆಗ ಮನೆಯಲ್ಲಿ ಇಂಥ ಮಾತು ಬರುತ್ತದೆ:

ಅತ್ತೆ: ಜ್ವರ ಬಿಡ್ತಲ್ಲವ್ವಾ. ಇನ್ನ ಯಾಕ ಗುಳಿಗಿ? ಉಳಿದದ್ದು ಎತ್ತಿಡು. ಮುಂದ ಯಾರಿಗಾದ್ರೂ ಬರ್ತಾವ.

ಸೊಸೆ: ಇಲ್ಲತ್ತಿ. ಚೀಟ್ಯಾಗ 10 ದಿನ ಅಂತ ಬರದಾರ. ನಾನೇ ಓದೀನಿ. ಜ್ವರ ಹೋಗೇತಿ, ಹುಳ ಇನ್ನ ಹೋಗಿಲ್ಲ.

ಅತ್ತೆ: ಹುಡುಗ ಚೆನ್ನಾಗೇ ಅದಾನಲ್ಲ?

ಸೊಸೆ: ಹೊಲದಾಗ ಗರಿಕೆ ಮೇಲೆ ಕೊಯ್ದರ ಹೊಲ ಹಸನ ಕಾಣ್ತೈತಿ. ಬೇರು ಒಳಗ ಇರ್ತೈತಲ್ಲ ಅತ್ತಿ!

ಸೊಸೆ ಹೇಳಿದ್ದು ಸರಿ. ಗುಳಿಗೆ ನಡುವೆ ನಿಲ್ಲಿಸಿದರೆ ಗಂಟಲಲ್ಲಿ ರೋಗಾಣು ಉಳಿಯಬಹುದು. ಬೇನೆ ಮತ್ತೆ ಬರಬಹುದು.

ಗಂಟಲಿನಿಂದ ಹೃದಯಕ್ಕೆ

ಇದಕ್ಕಿಂತ ದೊಡ್ಡ ಅಪಾಯ ಇನ್ನೊಂದಿದೆ. ಸರಿಯಾದ ಔಷಧಿ ಸಿಗದ ಕೆಲವು ಮಕ್ಕಳಿಗೆ ಎರಡು ಮೂರು ವಾರದ ನಂತರ ರುಮ್ಯಾಟಿಕ್ ಜ್ವರ ಬರುತ್ತದೆ. ಮೊಣಕಾಲು, ಮೊಣಕೈ, ಹಿಮ್ಮಡಿಯ ಕೀಲು ಬಾತು ನೋಯುತ್ತವೆ. ನೋವು ಒಂದು ಕೀಲಿನಿಂದ ಇನ್ನೊಂದಕ್ಕೆ ಹೋಗುತ್ತದೆ. ಕೀಲು ನೋವು ವಾಸಿಯಾಗುತ್ತದೆ. ಆದರೆ ಹೃದಯದ ಕವಾಟಕ್ಕೆ ಪೆಟ್ಟು ಬಿದ್ದರೆ ಅದು ಉಳಿದುಬಿಡಬಹುದು. ಮುಂದೆ ನಡೆದರೆ ಏದುಸಿರು. ಹೆಣ್ಣುಮಕ್ಕಳಿಗೆ ಬಸುರಿಯಾದಾಗ ಅಪಾಯ ಇನ್ನೂ ಹೆಚ್ಚು. ಕೆಲವರಿಗೆ ಹೃದಯದ ಆಪರೇಷನ್ನೇ ಬೇಕಾಗುತ್ತದೆ.

ಹತ್ತು ದಿನದ ಗುಳಿಗೆಗೆ ಎಷ್ಟು ಬೆಲೆ ಇದೆ, ಯೋಚಿಸಿ.

ಪೆನ್ಸಿಲಿನ್ನನ್ನು 1928ರಲ್ಲಿ ಅಲೆಕ್ಸಾಂಡರ್ ಫ್ಲೆಮಿಂಗ್ ಕಂಡುಹಿಡಿದರು. ಅದಕ್ಕೂ ಮೊದಲು ಇಂಥ ಬೇನೆಗೆ ಸರಿಯಾದ ಔಷಧಿಯೇ ಇರಲಿಲ್ಲ. ಇಂದು ನಮ್ಮ ಊರಿಗೂ ಬಂದಿದೆ. ಅದನ್ನು ಅರ್ಧಕ್ಕೆ ಬಿಡುವುದು ಬೇಡ.

ಮನೆಯಲ್ಲಿ ಆರೈಕೆ

• ಖಟಿ ರೊಟ್ಟಿ, ಖಾರ ಬೇಡ. ಗಂಜಿ, ಅಂಬಲಿ, ಮೆತ್ತಗಿನ ಅನ್ನ ಕೊಡೋಣ. ನೀರು ಆಗಾಗ ಕುಡಿಸೋಣ.
• ದೊಡ್ಡ ಮಕ್ಕಳು ಉಗುರುಬೆಚ್ಚಗಿನ ಉಪ್ಪು ನೀರಿನಿಂದ ಬಾಯಿ ಮುಕ್ಕಳಿಸಲಿ.
• ಲೋಟ, ತಟ್ಟೆ ಬೇರೆ ಇಡೋಣ. ಕೆಮ್ಮುವಾಗ ಬಾಯಿಗೆ ಬಟ್ಟೆ ಹಿಡಿಯಲಿ.
• ಗುಳಿಗೆ ಶುರುವಾದ ಮೇಲೆ ಒಂದು ದಿನವಾದರೂ ಶಾಲೆಗೆ ಕಳಿಸುವುದು ಬೇಡ. ಜ್ವರವೂ ಬಿಟ್ಟಿರಬೇಕು.
• ಒಬ್ಬರ ಗುಳಿಗೆ ಇನ್ನೊಬ್ಬರಿಗೆ ಕೊಡಬಾರದು.

ಗುಳಿಗೆ ತಗೊಂಡ ಮೇಲೆ ಮೈಮೇಲೆ ಗಂಧೆ ಎದ್ದರೆ ಮುಂದಿನ ಗುಳಿಗೆಗೆ ಮೊದಲೇ ವೈದ್ಯರನ್ನು ಕಾಣೋಣ. ಹಿಂದೆ ಹೀಗೆ ಆಗಿದ್ದರೆ ಮೊದಲೇ ಹೇಳೋಣ. ಎರಡು ದಿನವಾದರೂ ಜ್ವರ ಇಳಿಯದಿದ್ದರೆ ಮತ್ತೆ ತೋರಿಸೋಣ. ಮುಖ ಬಾತರೆ, ಉಸಿರಾಡೋಕೆ ಕಷ್ಟವಾದರೆ, ಎಂಜಲೂ ನುಂಗೋಕೆ ಆಗದಿದ್ದರೆ ಕಾಯಬಾರದು. 108ಕ್ಕೆ ಫೋನ್ ಮಾಡೋಣ.

ಲೆಕ್ಕ ಮಾಡೋಣ

ವೈದ್ಯರು ದಿನಕ್ಕೆ 2 ಗುಳಿಗೆಯಂತೆ 10 ದಿನ ಬರೆದರು.
1. ಒಟ್ಟು ಎಷ್ಟು ಗುಳಿಗೆ?
2. ಮೂರು ದಿನದಲ್ಲಿ ತಗೊಂಡದ್ದು ಎಷ್ಟು?
3. ಇನ್ನೂ ತಗೊಳ್ಳಬೇಕಾದದ್ದು ಎಷ್ಟು?

ಮಾಡಿ ನೋಡೋಣ

ಒಂದು ಹಾಳೆಯಲ್ಲಿ 1ರಿಂದ 10ರವರೆಗೆ ಅಂಕಿ ಬರೆಯೋಣ. ಗೋಡೆಗೆ ಅಂಟಿಸೋಣ. ಬೆಳಗಿನ ಗುಳಿಗೆಗೆ ಒಂದು ಗೆರೆ, ರಾತ್ರಿಯ ಗುಳಿಗೆಗೆ ಒಂದು ಗೆರೆ ಎಳೆಯೋಣ. 10ರ ಮುಂದೆ ಎರಡು ಗೆರೆ ಬಿದ್ದ ದಿನ ಔಷಧಿ ಪೂರ್ತಿಯಾಯಿತು.