ನಕ್ಷೆಯ ಹಸಿರು ನೇರಳೆಯಾಗುವ ಮುನ್ನ

ಮಹಾಯೋಜನೆಯ ನಕ್ಷೆಯಲ್ಲಿ ಮನೆಗಳಿಗೆ ಹಳದಿ, ಬೇಸಾಯಕ್ಕೆ ಹಸಿರು, ಕಾರ್ಖಾನೆಗೆ ನೇರಳೆ ಬಣ್ಣ. ಬೆಂಗಳೂರಿನ ಶೆಟ್ಟಿಹಳ್ಳಿ ಸುತ್ತಿನ ಹಿರಿಯರು ಈ ಬಣ್ಣ ಬದಲಾದದ್ದನ್ನು ಕಣ್ಣಾರೆ ಕಂಡವರು. 1953ರಲ್ಲಿ ಎಚ್‌ಎಂಟಿ, ಮರುವರ್ಷ ಬಿಇಎಲ್ ಹುಟ್ಟಿ ಪಕ್ಕದ ಜಾಲಹಳ್ಳಿಯನ್ನು ಕಾರ್ಖಾನೆಯ ಊರಾಗಿಸಿದವು. ಆಮೇಲೆ ಪೀಣ್ಯ ಬೆಳೆಯಿತು. ಸಾವಿರಾರು ಮನೆಗಳ ಒಲೆ ಉರಿದದ್ದು ಆ ಸಂಬಳದಿಂದಲೇ, ಅದನ್ನು ಮರೆಯುವಂತಿಲ್ಲ. ಪೀಣ್ಯದ ಅಂತರ್ಜಲದಲ್ಲಿ ಕ್ರೋಮಿಯಂ ಸೇರಿದ್ದನ್ನೂ ಮರೆಯುವಂತಿಲ್ಲ. ಹಾಗಾಗಿಯೇ ಹೊಲದ ಕಡೆ ಫ್ಯಾಕ್ಟರಿ ಬರುತ್ತದಂತೆ ಎಂಬ ಸುದ್ದಿ ಹಬ್ಬಿದಾಗ ಜನ ಮೊದಲು ಕೇಳುವುದು, ‘ನಮ್ಮನ್ನು ಯಾರು ಕೇಳಿದರು?’ ಎಂದು. ಕೇಳಲೇಬೇಕು ಎನ್ನುತ್ತದೆ ಕಾನೂನು. ಆದರೆ ಕೇಳುವುದು ಕೆಲವೇ ದಿನ, ಅದೂ ಬಹಳ ಸಣ್ಣ ದನಿಯಲ್ಲಿ.

ಆ ಸಣ್ಣ ದನಿ ಹೇಗಿರುತ್ತದೆ ನೋಡಿ. ದಿನಪತ್ರಿಕೆಯ ಒಳಪುಟದಲ್ಲಿ, ಹೆಸರು ಬದಲಾವಣೆ, ಕಳೆದುಹೋದ ಅಂಕಪಟ್ಟಿಯ ಪ್ರಕಟಣೆಗಳ ನಡುವೆ ಅಂಗೈ ಅಗಲದ ಒಂದು ಚೌಕ. ಹೋಬಳಿ, ಗ್ರಾಮ, ಸರ್ವೆ ನಂಬರ್, ಇಷ್ಟು ಎಕರೆ ಇಷ್ಟು ಗುಂಟೆ, ‘ಕೃಷಿ ವಲಯದಿಂದ ಕೈಗಾರಿಕಾ ವಲಯಕ್ಕೆ’, ಆಕ್ಷೇಪಣೆ ಇದ್ದಲ್ಲಿ 15 ದಿನದೊಳಗೆ ಲಿಖಿತವಾಗಿ ಸಲ್ಲಿಸತಕ್ಕದ್ದು. ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆ, 1961ರ 14-ಎ ಕಲಮಿನ ಪ್ರಕಾರ ಹೊರಡುವ ಪ್ರಕಟಣೆ ಇದು. ಬದಲಾವಣೆ ಸಾರ್ವಜನಿಕ ಹಿತಕ್ಕಾಗಿರಬೇಕು, ಬೇರೆ ಕಾನೂನಿಗೆ ವಿರುದ್ಧವಾಗಿರಬಾರದು, ಪತ್ರಿಕೆಯಲ್ಲಿ ಪ್ರಕಟಿಸಿ ಕನಿಷ್ಠ 15 ದಿನ ಕೊಟ್ಟು ಸಾರ್ವಜನಿಕರ ಅಭಿಪ್ರಾಯ ಕೇಳಬೇಕು ಎಂಬುದು ಅದರ ಷರತ್ತು. ಇಲ್ಲಿ ‘ಸಾರ್ವಜನಿಕರು’ ಎಂಬ ಪದಕ್ಕೆ ಬಹಳ ತೂಕವಿದೆ. ಆ ಜಮೀನಿನಲ್ಲಿ ನಿಮ್ಮದು ಒಂದು ಗುಂಟೆಯೂ ಇಲ್ಲದಿರಬಹುದು. ಎದುರಿನ ಬಡಾವಣೆಯ ಬಾಡಿಗೆದಾರರಿರಬಹುದು, ಕೆರೆ ಏರಿಯ ಮೇಲೆ ದಿನಾ ನಡೆಯುವವರಿರಬಹುದು. ಆದರೂ ಅರ್ಜಿ ಕೊಡುವ ಹಕ್ಕು ನಿಮಗಿದೆ.

ಅರ್ಜಿ ಯಾರಿಗೆ? ಜನ ಎಡವುವುದೇ ಇಲ್ಲಿ. ಬೆಂಗಳೂರಿನಲ್ಲಿ ದಶಕಗಳ ಕಾಲ ಯೋಜನಾ ಪ್ರಾಧಿಕಾರವೆಂದರೆ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ (ಬಿಡಿಎ). 2025ರಲ್ಲಿ ಗ್ರೇಟರ್ ಬೆಂಗಳೂರು ಪ್ರಾಧಿಕಾರ ಬಂದು ಪಾಲಿಕೆ ಐದಾದ ಮೇಲೆ ವ್ಯವಸ್ಥೆ ಬದಲಾಗಿದೆ. ದೇವನಹಳ್ಳಿ ಕಡೆಗೆ ವಿಮಾನ ನಿಲ್ದಾಣ ಪ್ರದೇಶ ಯೋಜನಾ ಪ್ರಾಧಿಕಾರವೇ ಬೇರೆ ಇದೆ. ಪ್ರಕಟಣೆಯ ಕೆಳಗೆ ಯಾರ ಸಹಿ ಇದೆಯೋ ಅವರಿಗೇ ಕೊಡಿ, ಶಾಸಕರಿಗೂ ಜಿಲ್ಲಾಧಿಕಾರಿಗೂ ಪ್ರತಿ ಕಳಿಸಿ. ಶಾಸಕರಿಗೆ ಮಾತ್ರ ಕೊಟ್ಟ ಮನವಿಯನ್ನು ಕಾನೂನು ಆಕ್ಷೇಪಣೆ ಎಂದು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ.

ವಲಯ ಬದಲಾವಣೆ ಬೇರೆ, ‘ಡಿಸಿ ಕನ್ವರ್ಷನ್’ ಬೇರೆ. ಮೊದಲನೆಯದರಲ್ಲಿ ನಕ್ಷೆಯ ಬಣ್ಣ ಬದಲಾಗುತ್ತದೆ. ಎರಡನೆಯದರಲ್ಲಿ ಭೂ ಕಂದಾಯ ಕಾಯ್ದೆ, 1964ರ 95ನೇ ಕಲಮಿನಡಿ ಆ ಜಮೀನನ್ನು ಬೇಸಾಯೇತರ ಕೆಲಸಕ್ಕೆ ಬಳಸಲು ಜಿಲ್ಲಾಧಿಕಾರಿ ಒಪ್ಪಿಗೆ ಕೊಡುತ್ತಾರೆ. ನಕ್ಷೆ ಒಮ್ಮೆ ನೇರಳೆಯಾಯಿತೆಂದರೆ ಕನ್ವರ್ಷನ್ ತಡೆಯುವುದು ಕಷ್ಟ. ನಿಮ್ಮ ಶಕ್ತಿಯನ್ನೆಲ್ಲ ಮೊದಲ ಹಂತಕ್ಕೇ ಹಾಕಿ. ಬಿಡಿಎ ಸಿದ್ಧಪಡಿಸಿದ, 2007ರಲ್ಲಿ ಜಾರಿಗೆ ಬಂದ ‘ಪರಿಷ್ಕೃತ ಮಹಾಯೋಜನೆ 2015’ರಲ್ಲಿ ನಿಮ್ಮ ಸರ್ವೆ ನಂಬರಿಗೆ ಯಾವ ಬಣ್ಣವಿದೆ ಎಂದು ಇವತ್ತೇ ನೋಡಿಟ್ಟುಕೊಳ್ಳಿ. 2031ರ ಕರಡು 2017ರಲ್ಲಿ ಹೊರಬಂದು ಆಮೇಲೆ ವಾಪಸ್ಸಾಯಿತು. ಅದನ್ನು ಹಿಡಿದು ವಾದ ಮಾಡಬೇಡಿ. ಸರ್ವೆ ನಂಬರ್ ಗೊತ್ತಿಲ್ಲದಿದ್ದರೆ ಹೊಲದಲ್ಲಿ ನಿಂತು ‘ದಿಶಾಂಕ್’ ಆ್ಯಪ್ ತೆರೆದರೆ ಸಾಕು.

ಮೂರನೆಯ ದಾರಿ ಕರ್ನಾಟಕ ಕೈಗಾರಿಕಾ ಪ್ರದೇಶಾಭಿವೃದ್ಧಿ ಮಂಡಳಿಯದು (ಕೆಐಎಡಿಬಿ). ಇಲ್ಲಿ ಕಂಪನಿ ಬಂದು ಜಮೀನು ಕೊಳ್ಳುವುದಿಲ್ಲ, ಸರ್ಕಾರವೇ ವಶಪಡಿಸಿಕೊಂಡು ಕೊಡುತ್ತದೆ. ಕೈಗಾರಿಕಾ ಪ್ರದೇಶಾಭಿವೃದ್ಧಿ ಕಾಯ್ದೆ, 1966ರ 28(1)ರಡಿ ಪ್ರಾಥಮಿಕ ಅಧಿಸೂಚನೆ. 28(2)ರಡಿ ಮಾಲೀಕರಿಗೆ, ಸ್ವಾಧೀನದಲ್ಲಿರುವವರಿಗೆ, ಹಿತಾಸಕ್ತಿ ಇರುವವರಿಗೆ ನೋಟಿಸ್. ಕಾರಣ ಹೇಳಲು 30 ದಿನ. 28(3)ರಡಿ ಖುದ್ದು ವಿಚಾರಣೆ. 28(4)ರ ಅಂತಿಮ ಅಧಿಸೂಚನೆ ಪ್ರಕಟವಾದ ಕ್ಷಣ ಜಮೀನು ಸರ್ಕಾರದ್ದು. ನೀವಿನ್ನೂ ಅಲ್ಲಿ ರಾಗಿ ಕೊಯ್ಯುತ್ತಿದ್ದರೂ ಸರಿ. ಅಂಚೆಯವನು ತಂದ ನೋಟಿಸನ್ನು ‘ತಗೊಂಡರೆ ಒಪ್ಪಿದಂತಾಗುತ್ತೆ’ ಎಂದು ವಾಪಸ್ ಕಳಿಸುವವರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ನೋಟಿಸ್ ಪಡೆದರೆ ಒಪ್ಪಿಗೆ ಕೊಟ್ಟಂತಲ್ಲ, ವಾಪಸ್ ಕಳಿಸಿದರೆ 30 ದಿನದ ಎಣಿಕೆ ನಿಲ್ಲುವುದೂ ಇಲ್ಲ. ಕವರನ್ನು ಹರಿಯದೆ, ಅದರ ಮೇಲಿನ ಅಂಚೆ ಮುದ್ರೆಯ ಸಮೇತ ಎತ್ತಿಡಿ.

ಪಹಣಿಯನ್ನು ಆಗಾಗ ತೆಗೆಸಿ ನೋಡುತ್ತಿರಬೇಕು. 9ನೇ ಕಾಲಂನಲ್ಲಿ ನಿಮ್ಮ ಹೆಸರು ಹಾಗೇ ಇರುತ್ತದೆ, ಮನಸ್ಸಿಗೆ ನೆಮ್ಮದಿ. ಆದರೆ 11ನೇ ಕಾಲಂನಲ್ಲಿ, ಬ್ಯಾಂಕ್ ಸಾಲದ ನಮೂದಿನ ಪಕ್ಕ, ಕೆಐಎಡಿಬಿ ಎಂಬ ಸಾಲು ಕೂತಿರಬಹುದು. ಅದು ಕೂತ ಮೇಲೆ ಮಾರುವುದಕ್ಕೂ ಸಾಲಕ್ಕೂ ತೊಡಕು. 12ನೇ ಕಾಲಂನ ಬೆಳೆ ವಿವರವೂ ಅಷ್ಟೇ ಮುಖ್ಯ. ದ್ರಾಕ್ಷಿ ಇರುವ ಹೊಲ ದಾಖಲೆಯಲ್ಲಿ ಪಾಳು ಎಂದಿದ್ದರೆ, ಫಲವತ್ತಾದ ಭೂಮಿ ಎಂಬ ನಿಮ್ಮ ವಾದಕ್ಕೆ ಕಾಗದವೇ ಎದುರಾಳಿ. ಬೆಳೆ ಸಮೀಕ್ಷೆಯ ಕಾಲಕ್ಕೆ ಫೋಟೊ ಸಮೇತ ಸರಿಯಾಗಿ ದಾಖಲಿಸಿ.

ದೇವನಹಳ್ಳಿ ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳಿಯ ರೈತರನ್ನು ಇಲ್ಲಿ ನೆನೆಯಲೇಬೇಕು. ಏರೋಸ್ಪೇಸ್ ಪಾರ್ಕಿಗೆಂದು 13 ಹಳ್ಳಿಗಳ 1,777 ಎಕರೆಗೆ ಅಧಿಸೂಚನೆ ಹೊರಟಿತು. ದ್ರಾಕ್ಷಿ, ರೇಷ್ಮೆ, ತರಕಾರಿ, ಹಾಲು ಕೊಡುತ್ತಿದ್ದ ಭೂಮಿ ಅದು. 2022ರ ಏಪ್ರಿಲ್ 4ರಂದು ಶುರುವಾದ ಧರಣಿ 1,198 ದಿನ ನಡೆಯಿತು. 2025ರ ಜುಲೈ 15ರಂದು ಮುಖ್ಯಮಂತ್ರಿ ಸಿದ್ದರಾಮಯ್ಯ ಸ್ವಾಧೀನ ಕೈಬಿಡುವುದಾಗಿ ಪ್ರಕಟಿಸಿದರು. ಆ ಹೆಣ್ಣುಮಕ್ಕಳು, ಮುದುಕರು ಮೂರು ವರ್ಷ ಕೂತ ಬಲ ದೊಡ್ಡದು. ಆದರೆ ಎಲ್ಲ ಊರಿಗೂ 1,198 ದಿನ ಕೂರುವ ಶಕ್ತಿ ಇರುವುದಿಲ್ಲ. ಆದ್ದರಿಂದ ಧರಣಿಗೆ ಪೆಂಡಾಲ್ ಹಾಕುವ ದಿನವೇ ಆಕ್ಷೇಪಣೆಯನ್ನೂ ಬರೆಯಿರಿ ಎನ್ನುತ್ತೇನೆ.

ಬರೆಯುವುದು ಹೇಗೆ? ‘ನಮ್ಮ ವಿರೋಧವಿದೆ’ ಎಂದು ನೂರು ಸಹಿ ಹಾಕಿದ ಒಂದು ಹಾಳೆಗಿಂತ, ಬೇರೆ ಬೇರೆ ಸಂಗತಿ ಹೇಳುವ ಹತ್ತು ಅರ್ಜಿಗಳು ಮೇಲು. ಒಬ್ಬರು ಕೊಳವೆ ಬಾವಿಯ ಆಳ, ನೀರಿನ ಪರೀಕ್ಷಾ ವರದಿ ಕೊಡಲಿ. ಇನ್ನೊಬ್ಬರು ಶಾಲೆ ಎಷ್ಟು ಮೀಟರ್ ದೂರ, ರಾಜಕಾಲುವೆ ಎಲ್ಲಿ ಹಾಯುತ್ತದೆ ಎಂದು ಗ್ರಾಮ ನಕ್ಷೆಯಲ್ಲಿ ಗುರುತಿಸಲಿ. ಹೆಸರಘಟ್ಟದ ಕಡೆಯ ಜಮೀನಾದರೆ ಅರ್ಕಾವತಿ–ತಿಪ್ಪಗೊಂಡನಹಳ್ಳಿ ಜಲಾನಯನ ಪ್ರದೇಶದಲ್ಲಿ ಕೈಗಾರಿಕೆಗೆ ನಿರ್ಬಂಧ ಹೇರಿದ 2003ರ ಅಧಿಸೂಚನೆಯನ್ನೂ ಅದರ ತಿದ್ದುಪಡಿಯನ್ನೂ ನೋಡಿ. ಪರಿಶಿಷ್ಟರಿಗೆ ಮಂಜೂರಾದ ಜಮೀನು ಅನುಮತಿಯಿಲ್ಲದೆ ಕೈಬದಲಾಗಿದ್ದರೆ 1978ರ ಪಿಟಿಸಿಎಲ್ ಕಾಯ್ದೆ ಅಡ್ಡ ಬರುತ್ತದೆ. ಅರ್ಜಿಯನ್ನು ಟಪಾಲು ವಿಭಾಗದಲ್ಲಿ ಕೊಟ್ಟು, ನಿಮ್ಮ ಪ್ರತಿಯ ಮೇಲೆ ಮೊಹರು, ದಿನಾಂಕ ಹಾಕಿಸಿಕೊಳ್ಳದೆ ಕಿಟಕಿ ಬಿಡಬೇಡಿ. ‘ಸಾಹೇಬರಿಲ್ಲ, ನಾಳೆ ಬನ್ನಿ’ ಎಂದು ಕೇಳಿ ನಾನೂ ಒಮ್ಮೆ ಒಂದು ಕಚೇರಿಯಿಂದ ಬರಿಗೈಲಿ ಬಂದಿದ್ದೆ. ನಾಳೆಗೆ ಗಡುವು ಮುಗಿದಿತ್ತು. ಹಾಗಾದಾಗ ಅದೇ ದಿನ ಅಂಚೆ ಕಚೇರಿಗೆ ಹೋಗಿ ರಿಜಿಸ್ಟರ್ಡ್ ಮಾಡಬೇಕು.

ಕಡತ ನೋಡಲು ಮಾಹಿತಿ ಹಕ್ಕು ಇದೆ: 10 ರೂಪಾಯಿ ಶುಲ್ಕ, ಒಂದು ಅರ್ಜಿಗೆ ಒಂದೇ ವಿಷಯ, 150 ಪದದೊಳಗೆ, ಉತ್ತರಕ್ಕೆ 30 ದಿನ. ಆಕ್ಷೇಪಣೆಯ 15 ದಿನ ಅಷ್ಟರಲ್ಲಿ ಕಳೆದಿರುತ್ತದೆ, ಉತ್ತರಕ್ಕೆ ಕಾಯಬೇಡಿ.

ನ್ಯಾಯಾಲಯದ ದಾರಿಯೂ ತೆರೆದಿದೆ. ನೋಟಿಸ್, ವಿಚಾರಣೆ, ಕಾರಣ ಸಹಿತ ಆದೇಶ ಇವೆಲ್ಲ ಸಂವಿಧಾನದ 300-ಎ ವಿಧಿಯ ಆಸ್ತಿ ಹಕ್ಕಿನ ಅಂಗಗಳೇ ಎಂದು ಸುಪ್ರೀಂ ಕೋರ್ಟ್ 2024ರ ಮೇ ತಿಂಗಳಲ್ಲಿ ಹೇಳಿದೆ. ಬೆಂಗಳೂರು–ಮೈಸೂರು ಕಾರಿಡಾರ್‌ಗೆ ಜಮೀನು ಕಳೆದುಕೊಂಡವರಿಗೆ 2011ರ ದರದಲ್ಲಿ ಪರಿಹಾರ ನಿಗದಿಯಾಗಿತ್ತು; 2025ರ ಜನವರಿಯಲ್ಲಿ ಅದೇ ಕೋರ್ಟ್ 2019ರ ಮಾರುಕಟ್ಟೆ ಬೆಲೆ ಕೊಡಿ ಎಂದಿತು. ಮಹಿಳೆಯರಿಗೆ, ಪರಿಶಿಷ್ಟರಿಗೆ, ಕಡಿಮೆ ಆದಾಯದವರಿಗೆ ವಕೀಲರ ನೆರವು ಉಚಿತ. 15100ಕ್ಕೆ ಕರೆ ಮಾಡಿ.

ಇನ್ನು ಪರಿಸರದ ಸಾರ್ವಜನಿಕ ಸಭೆ. 2006ರ ಪರಿಸರ ಪರಿಣಾಮ ಅಧಿಸೂಚನೆಯಡಿ ದೊಡ್ಡ ಘಟಕಗಳಿಗೆ ಮಾಲಿನ್ಯ ನಿಯಂತ್ರಣ ಮಂಡಳಿ 30 ದಿನ ಮುಂಚೆ ಪತ್ರಿಕೆಯಲ್ಲಿ ತಿಳಿಸಿ, ಜಿಲ್ಲಾಧಿಕಾರಿ ಅಥವಾ ಅವರ ಪ್ರತಿನಿಧಿಯ ಅಧ್ಯಕ್ಷತೆಯಲ್ಲಿ ಸ್ಥಳದಲ್ಲೇ ಸಭೆ ನಡೆಸಬೇಕು. ಪರಿಸರ ಪರಿಣಾಮ ವರದಿಯ ಸಾರಾಂಶ ಕನ್ನಡದಲ್ಲಿ ಸಿಗಬೇಕು. ಪರಿಸರ ಅನುಮತಿ ಪಡೆದ ಕೈಗಾರಿಕಾ ಪಾರ್ಕಿನೊಳಗಿನ ಘಟಕಕ್ಕೆ ವಿನಾಯಿತಿ ಸಿಗಬಹುದಾದ್ದರಿಂದ, ಪಾರ್ಕಿನ ಹಂತದಲ್ಲೇ ಮಾತಾಡಿ. ಅನುಮತಿ ಸಿಕ್ಕರೆ ಚೆನ್ನೈನ ಹಸಿರು ನ್ಯಾಯಮಂಡಳಿಗೆ ಮೇಲ್ಮನವಿ ಹಾಕಲು 30 ದಿನ, ಸಕಾರಣವಿದ್ದರೆ ಇನ್ನೂ 60. ಸಭೆಯ ಕೊನೆಗೆ ನಡವಳಿಯನ್ನು ಕನ್ನಡದಲ್ಲಿ ಓದಿ ಹೇಳಿ ಅಲ್ಲೇ ಸಹಿ ಹಾಕಬೇಕೆಂಬ ನಿಯಮವಿದೆ. ಆ ಹೊತ್ತಿಗೆ ಊಟವಾಗಿ, ಬಸ್ಸಿನ ವೇಳೆಯಾಗಿ, ಶಾಮಿಯಾನ ಖಾಲಿಯಾಗಿರುತ್ತದೆ. ಊರಿನ ಐದಾರು ಮಂದಿಯಾದರೂ ಕೂತು ಕೇಳಿಸಿಕೊಳ್ಳಲಿ. ನೀವು ಹೇಳಿದ ಬಾವಿಯ ಮಾತು ಅದರಲ್ಲಿ ಬಿಟ್ಟುಹೋಗಿದ್ದರೆ, ಸಹಿ ಬೀಳುವ ಮೊದಲೇ ಎದ್ದು ನಿಂತು ಹೇಳಿ; ಸಭೆಯನ್ನು ಚಿತ್ರೀಕರಿಸುವ ಕ್ಯಾಮೆರಾ ಇನ್ನೂ ಓಡುತ್ತಿರುತ್ತದೆ.